ಮುಕ್ತಿಯಾರ್ ತಿರುವಿದ ಮಂಗಳ

ಅಂಗಡಿಯಲ್ಲಿ ಗೊಂಬೆಗೆ ಹಚ್ಚುವ ಬಣ್ಣದ ಅರಗು ಕೊಳ್ಳುವಾಗಲೂ ಮುಕ್ತಿಯಾರ್ ಕಡ್ಡಿ ಮುರಿದು ಒಳಗಿನ ಬಣ್ಣ ನೋಡುತ್ತಾರೆ. ಚನ್ನಪಟ್ಟಣದಲ್ಲಿ ಲೇತ್ ಮೇಲೆ ಮರದ ಗೊಂಬೆ ತಿರುವುತ್ತಲೇ ತಲೆ ನರೆತವರು. ಹಿಂದೊಮ್ಮೆ ವ್ಯಾಪಾರಿಯೊಬ್ಬ ಬಣ್ಣ ಮಾದರಿಯಂತಿಲ್ಲ ಎಂದು ಇಡೀ ಮಾಲು ವಾಪಸು ಕಳಿಸಿದ. ಮಾತು ಬೀದಿಗೆಲ್ಲ ಹಬ್ಬಿತು. ಇನ್ನೊಮ್ಮೆ ಹಾಗಾದರೆ ತಮ್ಮ ಕೆಲಸವನ್ನು ಯಾರೂ ನಂಬುವುದಿಲ್ಲವೆಂಬುದು ಅವರಿಗೆ ಗೊತ್ತು.

ಹಾಗಾಗಿ ರಾಮನಗರದ ವಿಜ್ಞಾನದ ಟೀಚರ್ ಲತಾಮಣಿ, ತಮ್ಮ ಶಾಲೆಗೆ ಮರದ ಮಂಗಳ ಗ್ರಹಗಳು ಬೇಕೆಂದು ಎರಡು ಫೋಟೊ ಕೊಟ್ಟಾಗ, ಮುಕ್ತಿಯಾರ್ ಮೊದಲು ದಿಟ್ಟಿಸಿದ್ದು ಆಕೆಯ ಮುಖವನ್ನು. ಎರಡರಲ್ಲೂ ಇಟ್ಟಿಗೆ ಬಣ್ಣದ ಚೆಂಡು, ನೆತ್ತಿಯಲ್ಲಿ ಬಿಳುಪು. ಒಂದರಲ್ಲಿ ಬಿಳುಪು ಅಗಲ, ಇನ್ನೊಂದರಲ್ಲಿ ಬೊಟ್ಟಿನಷ್ಟು.

"ಇವು ಬ್ಯಾರೆ ಬ್ಯಾರೆ ಮಾಲು ಕಣಮ್ಮ."

"ಒಂದೇ ಗ್ರಹ, ಸಾಹೇಬ್ರೇ. ಅದನ್ನ ಸುತ್ತೋ ನೌಕೆ ವರ್ಷಗಟ್ಟಲೆ ಫೋಟೊ ತೆಗೀತದೆ. ಬಿಳಿ ಇರೋದು ಹಿಮ. ಅಲ್ಲಿ ಚಳಿಗಾಲಕ್ಕೆ ಹರಡ್ತದೆ, ಬೇಸಿಗೇಲಿ ಕುಗ್ತದೆ. ಅದನ್ನ ನೋಡ್ಕೊಂಡೇ ಅಲ್ಲಿನ ಹವಾಮಾನ ಹೇಳ್ತಾರೆ."

"ಕೆಳಗಿಳೀದೆ, ಬರೀ ಸುತ್ತಾಕಂಡೇ ಹೇಳ್ಬುಡ್ತಾರಾ?" ಮುಕ್ತಿಯಾರ್ ಫೋಟೊಗಳನ್ನು ಹಿಂದಕ್ಕೆ ತಳ್ಳಿದರು. "ನಾನು ಅಗಲ ಹಾಕುದ್ರೆ ಬ್ಯಾಸಗೇದು ಬೇಕಿತ್ತು ಅಂತೀರ, ಒಸಿ ಹಾಕುದ್ರೆ ಚಳಿಗಾಲದ್ದು ಬೇಕಿತ್ತು ಅಂತೀರ. ಮಾಲು ವಾಪಸ್ಸು."

ಒಳಗಿನಿಂದ ಹೆಂಡತಿ ರೋಶನ್ ಬೀ ನಕ್ಕರು. "ನಿಕಾ ದಿನ ನನ್ನ ಮುಖಾನೂ ಎರಡೆರಡು ಸಲ ನೋಡಿದ್ರು ಟೀಚರಮ್ಮ, ಹುಡುಗಿ ಬದಲಾಯಿಸವ್ರೇನೋ ಅಂತ!"

ಮುಕ್ತಿಯಾರ್ ನಗಲಿಲ್ಲ. "ಮೊದ್ಲು ಮಾದರಿಗೆ ಒಂದು ಮಾಡ್ತೀನಿ" ಎಂದು ಲೇತ್‌ಗೆ ಮರದ ಚೆಂಡು ಸಿಕ್ಕಿಸಿ ಕೆಂಪು ಹಚ್ಚಿದರು. ಆಮೇಲೆ ಬಿಳಿ ಅರಗಿನ ಕಡ್ಡಿ ಎತ್ತಿಕೊಂಡರು.

"ಯಾವ ಕಾಲದ್ದು ಬೇಕು? ಗಟ್ಟಿಯಾಗಿ ಹೇಳಿ, ಸಾಕ್ಷಿಗೆ ಅವಳಿಗೂ ಕೇಳಿಸ್ಲಿ."

"ಬೇಸಿಗೆ."

"ಇಲ್ಲೇ ನಿಂತ್ಕಳಿ. ಸಾಕು ಅನ್ನೋದು ನಿಮ್ ಕೆಲಸ."

ತಿರುಗುವ ಚೆಂಡಿನ ನೆತ್ತಿಗೆ ಕಡ್ಡಿ ಒತ್ತಿದರು. ತಿಕ್ಕಾಟದ ಬಿಸಿಗೆ ಅರಗು ಕರಗಿ ಬಿಳುಪು ಉಂಗುರ ಉಂಗುರವಾಗಿ ಹೊರಕ್ಕೆ ಸರಿಯಿತು. ಲತಾಮಣಿ ನೋಡುತ್ತ ಮೈಮರೆತರು.

"ಸಾಕು, ಸಾಕು! ಅಯ್ಯೋ, ಸ್ವಲ್ಪ ಜಾಸ್ತಿ ಆಯ್ತೇನೋ."

ಮುಕ್ತಿಯಾರ್ ಲೇತ್ ನಿಲ್ಲಿಸಿ ಹೆಂಡತಿಯತ್ತ ತಿರುಗಿದರು. "ಕೇಳಿಸ್ತಾ? ಮಾಲು ಇನ್ನೂ ಲೇತ್ ಮ್ಯಾಲೇ ಐತೆ, ಆಗ್ಲೇ ತಕರಾರು!"

ಲತಾಮಣಿಗೆ ನಾಚಿಕೆಯಾಯಿತು. "ತಪ್ಪು ನಂದೇ. ಇರ್ಲಿ, ಬೇಸಿಗೆ ಶುರುವಾದಾಗ ಇಷ್ಟಿರ್ತದೆ. ಎಲ್ಲಾನೂ ಹೀಗೇ ಮಾಡಿ."

"ಇಷ್ಟೇ?"

"ಇಷ್ಟೇ."

ಮುಕ್ತಿಯಾರ್ ಮತ್ತೆ ಲೇತ್ ತಿರುಗಿಸಿ, ಕೇದಗೆಯ ಒಣ ಗರಿ ಒತ್ತಿ ಚೆಂಡಿಗೆ ಹೊಳಪು ಕೊಟ್ಟರು. ಲತಾಮಣಿ ಕೈ ಚಾಚಿದರು. ಮುಕ್ತಿಯಾರ್ ಕೊಡಲಿಲ್ಲ, ಚೆಂಡು ಬಿಚ್ಚಿ ದೇವರ ಹೆಸರು ಬರೆದ ಪಟದ ಕೆಳಗಿನ ಗೂಡಿನಲ್ಲಿಟ್ಟರು.

"ಮಿಕ್ಕಿದ್ದು ಮಾಡ್ಕೊಡ್ತೀನಿ. ಇದು ಮಾತ್ರ ನನ್ ತಾವೇ ಇರ್ಲಿ ಕಣಮ್ಮ. ಬಣ್ಣ ಬ್ಯಾರೆ ಅಂತ ಯಾರಾನ ಬಂದ್ರೆ ತೋರುಸ್ಬೇಕಲ್ಲ."