ಬೂದಿ ಮಣ್ಣು ಹೇಳಿದ ಸಾಕ್ಷಿ

ಪಾಲಬಾವಿ ಊರಿನ ನಮ್ಮ ಹೊಲದಲ್ಲಿ ಅತ್ತೆಯ ಮಾತೇ ಕೊನೆಯ ಮಾತು. ಮಾವ ತೀರಿಕೊಂಡ ಮೇಲೆ ಕಬ್ಬು ನೆಡುವುದರಿಂದ ಹಿಡಿದು ಎಮ್ಮೆ ಮಾರುವ ತನಕ ಎಲ್ಲವನ್ನೂ ಅವರೇ ನಿಭಾಯಿಸಿದ್ದರು. ನನ್ನ ಗಂಡ ಉಗಾರದ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಾರೆ. ಹೀಗಾಗಿ ಹೊಲದಲ್ಲಿ ಹೆಚ್ಚಾಗಿ ನಾವಿಬ್ಬರೇ.

ಕೆಲವು ವರ್ಷಗಳಿಂದ ಕಬ್ಬು ಸಣಕಲಾಗುತ್ತ, ಎಲೆಯ ಅಂಚು ಒಣಗುತ್ತ ಬಂದಿತ್ತು. ಇಳುವರಿ ಇಳಿದಷ್ಟೂ ಅತ್ತೆ ಡಿಎಪಿ ಗೊಬ್ಬರ ಏರಿಸುತ್ತಿದ್ದರು. ಆ ಹೊತ್ತಿಗೆ ನಮ್ಮ ಮಹಿಳಾ ಸಂಘದವರು ನನ್ನನ್ನು ರಾಯಬಾಗಕ್ಕೆ ಮಣ್ಣು ಪರೀಕ್ಷೆ ಕಲಿಯಲು ಕಳಿಸಿದರು. ಬರುವಾಗ ಕೈಯಲ್ಲಿ ಊಟದ ಡಬ್ಬಿಯಷ್ಟೇ ಇರುವ ಪೆಟ್ಟಿಗೆ. ಒಳಗೆ ಗಾಜಿನ ನಳಿಗೆಗಳು, ಔಷಧದ ಪುಟ್ಟ ಬಾಟಲಿಗಳು, ಬಣ್ಣ ಹೋಲಿಸಿ ನೋಡಲು ಒಂದು ಕಾರ್ಡು.

ಅತ್ತೆ ಅದನ್ನು ತಿರುಗಿಸಿ ನೋಡಿದರು. "ಮದಿವ್ಯಾಗಿ ಬಂದಾಗಿಂದ ಈ ಮಣ್ಣ ತುಳದೇನಿ. ಅದರ ಹೊಟ್ಟ್ಯಾಗ ಏನೈತಿ ಅಂತ ಈ ಬಾಟ್ಲಿ ಹೇಳ್ತೈತೇನ?"

"ಹೇಳಿದ್ರ ಕೇಳೂಣ್ರಿ ಅತ್ತಿ. ಸುಳ್ಳನಿಸಿದ್ರ ಬಿಡೂಣು."

ಹೊಲದ ಬೇರೆ ಬೇರೆ ಕಡೆ ಅಗೆದು ಮಣ್ಣು ತಂದೆ. ನೆರಳಲ್ಲಿ ಒಣಗಿಸಿ, ಕಲಸಿ, ಜರಡಿ ಹಿಡಿದು, ದ್ರಾವಣ ಹಾಕಿ ಕುಲುಕಿ ಸೋಸಿದೆ. ರಂಜಕದ ನಳಿಗೆಗೆ ಹನಿ ಬೀಳುತ್ತಲೇ ನೀರು ಗಾಢ ನೀಲಿಯಾಯಿತು. ನಾವು ಸುರಿದ ಡಿಎಪಿಯ ರಂಜಕವೆಲ್ಲ ಮಣ್ಣಿನಲ್ಲೇ ಕೂತಿತ್ತು. ಪೊಟ್ಯಾಶಿನ ಪರೀಕ್ಷೆ ಬೇರೆ ರೀತಿಯದು. ಮಣ್ಣಿನಲ್ಲಿ ಪೊಟ್ಯಾಶ್ ಇದ್ದರೆ ನೀರು ಹಾಲಿನಂತೆ ಬೆಳ್ಳಗಾಗಬೇಕು. ನಮ್ಮದು ತಿಳಿಯಾಗಿಯೇ ನಿಂತಿತು.

"ಪೊಟ್ಯಾಶ್ ಇಲ್ರಿ ಅತ್ತಿ, ಖಾಲಿ ಆಗೇತಿ" ಅಂದೆ.

"ಹೊಲ ಖಾಲಿ ಆಗಿಲ್ಲ, ನಿನ್ನ ಔಷಧ ಕೆಟ್ಟೈತಿ" ಎಂದು ಅವರು ಎಮ್ಮೆಗೆ ಮೇವು ಹಾಕಲು ಎದ್ದು ಹೋದರು.

ನನಗೂ ಅನುಮಾನ ಹತ್ತಿತು. ಬಿಸಿಲಲ್ಲಿ ಬಸ್ಸಿನಲ್ಲಿ ತಂದ ಔಷಧ, ಕೆಟ್ಟಿದ್ದರೂ ಕೆಟ್ಟಿರಬಹುದು. ಮರುದಿನ ಬೆಳಿಗ್ಗೆ ಒಲೆಯ ಬೂದಿ ತೆಗೆಯುವಾಗ ತರಬೇತಿಯಲ್ಲಿ ಕೇಳಿದ್ದು ನೆನಪಾಯಿತು: ಬೂದಿಯಲ್ಲಿ ಪೊಟ್ಯಾಶ್ ಹೇರಳ. ಕೈ ತೊಳೆದವಳೇ ಹೊಲಕ್ಕೆ ಓಡಿದೆ. ಕಬ್ಬು ಕಡಿದ ಮೇಲೆ ಉಳಿಯುವ ಒಣ ಎಲೆಯನ್ನು ನಾವು ಪ್ರತಿ ವರ್ಷ ಒಂದೇ ಮೂಲೆಯಲ್ಲಿ ಸುಡುತ್ತಿದ್ದೆವು. ಆ ಬೂದಿ ಮಣ್ಣಿನ ನೀರು ಬೆಳ್ಳಗಾದರೆ ಔಷಧ ಕೆಟ್ಟಿಲ್ಲ ಎಂದರ್ಥ. ಅಲ್ಲಿನ ಮಣ್ಣನ್ನೂ ತಂದು ಹಾಗೆಯೇ ಒಣಗಿಸಿ ಸೋಸಿ, ಎರಡು ನಳಿಗೆಗಳನ್ನು ಕಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟು ಅತ್ತೆಯನ್ನು ಕರೆದೆ.

"ಔಷಧ ನೀವ ಹಾಕ್ರಿ."

ಅವರು ಸೆರಗಿಗೆ ಕೈ ಒರೆಸಿಕೊಂಡು, ಬಾಟಲಿ ಹಿಡಿದು, ಎರಡಕ್ಕೂ ಹನಿ ಬಿಟ್ಟರು. ಹೊಲದ ನಡುವಿನ ಮಣ್ಣಿನ ನೀರು ಹಿಂದಿನಂತೆಯೇ ತಿಳಿಯಾಗಿತ್ತು. ಮೂಲೆಯ ಮಣ್ಣಿನದು ಅವರ ಕಣ್ಣೆದುರೇ ಮಜ್ಜಿಗೆಯಂತೆ ಬೆಳ್ಳಗಾಯಿತು. ಅತ್ತೆ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಆ ಮೂಲ್ಯಾಗಿನ ಕಬ್ಬ ಯಾವಾಗಲೂ ದಪ್ಪ ಇರತೈತಿ" ಅಂದರು, ತಮಗೆ ತಾವೇ ಹೇಳಿಕೊಂಡಂತೆ. ಆಮೇಲೆ ನನ್ನ ಕಡೆ ತಿರುಗಿದರು. "ಬಾವಿ ಕಡೀ ಅರ್ಧ ಹೊಲ ನಿಂದು. ನೀ ಹೇಳಿದಂಗ ಮಾಡೂಣು. ಉಳದದ್ದ ನಂದು."

ಬಾವಿಯ ಬದಿಗೆ ಡಿಎಪಿ ಬಿಟ್ಟು ಪೊಟ್ಯಾಶ್ ಕೊಟ್ಟೆವು. ಮಳೆಗಾಲ ಮುಗಿಯುವಷ್ಟರಲ್ಲಿ ಎಲೆಯ ಅಂಚು ಒಣಗುವುದು ಅಲ್ಲಿ ನಿಂತಿತ್ತು, ಗಣ್ಣುಗಳ ನಡುವಿನ ಗಣಿಕೆ ತುಂಬಿಕೊಂಡಿತ್ತು. ಅತ್ತೆ ದಿನಾ ಹೋಗಿ ಎರಡೂ ಕಡೆಯ ಕಬ್ಬನ್ನು ಮುಷ್ಟಿಯಲ್ಲಿ ಹಿಡಿದು ನೋಡಿ ಬರುತ್ತಿದ್ದರು. ಕಟಾವಿಗೆ ಬಂದ ಮರಾಠಿ ಗ್ಯಾಂಗಿನ ಹೆಂಗಸೊಬ್ಬಳಿಗೆ ನಮ್ಮ ಪೈಪೋಟಿಯ ವಿಷಯ ಏನೂ ಗೊತ್ತಿರಲಿಲ್ಲ. ಬಾವಿ ಕಡೆಯ ಹೊರೆಯನ್ನು ತಲೆಗೇರಿಸಿಕೊಳ್ಳಲಾಗದೆ ಕೆಳಗಿಟ್ಟು ಅವಳು ಅಂದಳು: "ಇಕಡಚಾ ಊಸ ಲಈ ಜಡ ಆಹೇ." ಈ ಕಡೆಯ ಕಬ್ಬು ಬಹಳ ಭಾರ ಅಂತ. ಅತ್ತೆ ಹೋಗಿ ತಾವೇ ಕೈ ಕೊಟ್ಟು ಹೊರೆ ಎತ್ತಿಸಿದರು. "ಮುಂದಿನ ಸಲ ಪೂರಾ ಹೊಲ ನಿನ್ನ ಲೆಕ್ಕದಾಗ ಮಾಡೂಣು" ಎಂದರು ನನಗೆ.

ಸುದ್ದಿ ಹಬ್ಬಿಸಿದವರೂ ಅತ್ತೆಯೇ. ಮೊದಲು ಸಂಘದ ಹೆಂಗಸರು ಮಣ್ಣು ತಂದರು, ಬಳಿಕ ನಿಪ್ಪಾಣಿಯಿಂದ ತಂಬಾಕು ಬೆಳೆಯುವ ನೆಂಟರು. ಹೋದ ವರ್ಷ ಕಾಗವಾಡದಿಂದ ದೊಡ್ಡ ದ್ರಾಕ್ಷಿ ತೋಟದವರೊಬ್ಬರು ಕಾರು ಕಳಿಸಿದರು. ನನ್ನೊಂದಿಗೆ ಅತ್ತೆಯೂ ಹೊರಟರು. ಮೊದಲೇ ಹೇಳಿ ಒಣಗಿಸಿಡಿಸಿದ್ದ ಮಣ್ಣನ್ನು ಚಪ್ಪರದ ಕೆಳಗೆ ಪರೀಕ್ಷಿಸಿದೆ. ರಂಜಕದ ನೀಲಿ ಶಾಯಿಯಷ್ಟು ಗಾಢವಾಗಿ ಬಂತು.

"ಮತ್ತ ಡಿಎಪಿ ತರಸಾಕತ್ತೇನಿ, ಗಾಡಿ ಹೊಂಟೈತಿ" ಎಂದರು ತೋಟದವರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು, "ಗಾಡಿ ನಿಂದರಸ್ರಿ ಯಜಮಾನ್ರ. ನಮ್ಮ ಸೊಸಿ ಕಾರ್ಡ ನೋಡಿ ಹೇಳ್ತಾಳ, ಸುಮ್ಮ ಹೇಳಂಗಿಲ್ಲ."

ತೋಟದವರು ಕಾರ್ಡು ಈಸಿಕೊಂಡು ನಳಿಗೆಯ ಪಕ್ಕ ಹಿಡಿದು ನೋಡಿದರು. ಒಂದೆರಡು ಪ್ರಶ್ನೆ ಕೇಳಿದರು. ನಂತರ ನಮ್ಮೆದುರೇ ಅಂಗಡಿಗೆ ಫೋನು ಮಾಡಿ ಗೊಬ್ಬರ ಬೇಡವೆಂದು ಹೇಳಿದರು. ಆ ತೋಟದ ನಡುವೆ, ಬಾಟಲಿ ಹೇಳುತ್ತದೇನು ಎಂದು ಕೇಳಿದ್ದ ಅದೇ ಅತ್ತೆಯ ಪಕ್ಕದಲ್ಲಿ ಎದೆಯುಬ್ಬಿಸಿ ನಿಂತಿದ್ದ ನನಗೆ ನಗು ತಡೆಯುವುದೇ ಕಷ್ಟವಾಗಿತ್ತು.