ಪುಸ್ತಕದಲ್ಲಿಲ್ಲದ ಮದುವೆ ಊಟ

ಆ ಕಾದಂಬರಿಯ ಕೊನೆಯ ತೊಂಬತ್ತು ಪುಟಗಳನ್ನು ನಾನು ಮೆಹರುನ್ನೀಸಾ ಟೀಚರ್‌ಗೆ ಓದಿ ಹೇಳಲಿಲ್ಲ. ಓದುವವಳಂತೆ ಪುಸ್ತಕ ಹಿಡಿದು, ಹೊತ್ತಿಗೆ ಸರಿಯಾಗಿ ಹಾಳೆ ತಿರುವುತ್ತ, ನನ್ನ ತಲೆಯಿಂದ ಕಥೆ ಕಟ್ಟಿ ಹೇಳಿದೆ. ಕಣ್ಣು ಕಾಣದವರಿಗೆ ಮಾಡಿದ ಮೋಸ ಇದು. ಅದಾದ ಮೇಲೆ ಮಾಡಿದ್ದು ಇನ್ನೂ ದೊಡ್ಡದು — ಅದನ್ನು ಬರೆಯಲು ಕೈ ಈಗಲೇ ಹಿಂದೆ ಸರಿಯುತ್ತಿದೆ. ಹಾಗಾಗಿ ಮೊದಲಿಂದ ಹೇಳುತ್ತೇನೆ.

ನಾನು ಗಿರಿಜಾ. ದಾವಣಗೆರೆಯ ಆನೆಕೊಂಡದಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಹುಟ್ಟಿ ಬೆಳೆದದ್ದು ಹರಿಹರದಲ್ಲಿ. ಅಲ್ಲಿ ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು ಟೀಚರ್. ಹಕಾರ ನುಂಗಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು; 'ಹಸು' ಎನ್ನಲು ಬಾರದೆ ನಾನು ಒಂದಿಡೀ ಪೀರಿಯಡ್ ನಿಂತದ್ದುಂಟು. ಒಂಬತ್ತನೇ ಕ್ಲಾಸಿನಲ್ಲಿ ನನ್ನ ಕೈಗೆ ಮೊದಲ ಕಾದಂಬರಿ ಕೊಟ್ಟವರೂ ಅವರೇ. ನಿವೃತ್ತರಾದ ಕೆಲವು ವರ್ಷಕ್ಕೆ ಗ್ಲಾಕೋಮಾ ಬಂದು ಅವರ ದೃಷ್ಟಿ ಹೋಯಿತು. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂದು ತಿಳಿಯುತ್ತಿತ್ತೇ ಹೊರತು ಯಾರೆಂದು ತಿಳಿಯುತ್ತಿರಲಿಲ್ಲ. ಆಗಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಹರಿಹರದ ಬಸ್ಸು ಹತ್ತಿ, ರೈಲ್ವೆ ಸ್ಟೇಷನ್ ಹಿಂದಿನ ಅವರ ಮನೆಗೆ ಹೋಗಿ, ಮಧ್ಯಾಹ್ನದವರೆಗೆ ಓದಿ ಹೇಳುವುದು ನನ್ನ ಕೆಲಸ. ಕೆಲಸ ಎಂದೆನೇ? — ಅಲ್ಲ. ವಾರವಿಡೀ ನಾನು ಅದಕ್ಕಾಗಿಯೇ ಕಾಯುತ್ತಿದ್ದೆ.

ನಮ್ಮಿಬ್ಬರಿಗೂ ಒಬ್ಬ ಲೇಖಕಿ ಎಂದರೆ ಪ್ರಾಣ. ಹೆಸರು ಬರೆಯುವುದಿಲ್ಲ, ಇದರಲ್ಲಿ ಅವರ ತಪ್ಪೇನೂ ಇಲ್ಲ. ಅವರ ಕಾದಂಬರಿಯಲ್ಲಿ ಅತ್ತೆ ಸೊಸೆ ಜಗಳಕ್ಕೆ ನಿಂತರೆ ನಮಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು. ಯಾರಾದರೂ ಮುನಿಸಿಕೊಂಡು ಮನೆ ಬಿಟ್ಟರೆ ನಾವು ಚಿಂತೆ ಮಾಡುತ್ತಿರಲಿಲ್ಲ. ಕೊನೆಯ ಅಧ್ಯಾಯದೊಳಗೆ ಬಂದೇ ಬರುತ್ತಾರೆ, ಬರುವಾಗ ಒಂದು ಚಿಪ್ಪು ಬಾಳೆಹಣ್ಣನ್ನೂ ತರುತ್ತಾರೆ. ಅವರು ಆರು ವರ್ಷ ಏನೂ ಬರೆಯಲಿಲ್ಲ. ಆಮೇಲೆ ಹೊಸ ಕಾದಂಬರಿ ಬಂದಾಗ ನಾನು ತಂದು ಟೀಚರ್ ಕೈಗೆ ಕೊಟ್ಟೆ. ಅವರು ಪುಸ್ತಕವನ್ನು ಮಗುವಿನ ನೆತ್ತಿ ಮೂಸುವಂತೆ ಮೂಸಿದರು.

"ದಪ್ಪ ಐತೆ," ಎಂದರು. "ಆರು ತಿಂಗಳು ನಗಬಹುದು."

ಕಥೆ ಖಾನಾವಳಿ ನಡೆಸುವ ಸಿದ್ದವ್ವ ಎಂಬ ವಿಧವೆಯದು. ಇಬ್ಬರು ಗಂಡುಮಕ್ಕಳು, ಜಗಳವಾಡಿ ಮಾತು ಬಿಟ್ಟು ಬೇರೆ ಊರಲ್ಲಿರುವ ಒಬ್ಬ ತಂಗಿ, ಒಂದು ಎಮ್ಮೆ. ಇಪ್ಪತ್ತನೇ ಪುಟದಲ್ಲಿ ಎಮ್ಮೆ ಸತ್ತಿತು.

"ಇರಲಿ," ಎಂದರು ಟೀಚರ್. "ಕರು ಐತಲ್ಲ. ಅದು ದೊಡ್ಡದಾಗ್ತೈತೆ ನೋಡು."

ಮುಂದಿನ ಭಾನುವಾರ ಕರುವೂ ಸತ್ತಿತು. ಟೀಚರ್, "ಇದು ಪೀಠಿಕೆ ಇರಬೇಕು," ಎಂದರು. ಪೀಠಿಕೆ ನೂರು ಪುಟ ದಾಟಿತು. ಹಿರಿಯ ಮಗನ ಲಾರಿ ಘಟ್ಟದಲ್ಲಿ ಉರುಳಿತು. ಕಿರಿಯವನ ಹೆಂಡತಿ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಪ್ರತಿ ಅಧ್ಯಾಯಕ್ಕೂ ಟೀಚರ್ ಒಂದು ಆಸೆ ಇಟ್ಟುಕೊಳ್ಳುತ್ತಿದ್ದರು, ಲೇಖಕಿ ಬಂದು ಅದನ್ನು ತೆಗೆದುಕೊಂಡು ಹೋಗುತ್ತಿದ್ದರು. ಒಂದು ದಿನ ಟೀಚರ್ ಮೆಲ್ಲಗೆ ಕೇಳಿದರು: "ಗಿರಿಜಾ, ತಂಗಿಯಾದ್ರೂ ಬರ್ತಾಳಲ್ಲ?"

ನನಗೆ ತಡೆಯಲಾಗಲಿಲ್ಲ. ಆ ವಾರ ಅಂಗಡಿಯಲ್ಲಿ ಕೂತು ಉಳಿದದ್ದನ್ನೆಲ್ಲ ಓದಿದೆ. ತಂಗಿ ಹೊರಟಳು — ಬಸ್‌ಸ್ಟ್ಯಾಂಡಿನಲ್ಲೇ ಸತ್ತಳು. ಖಾನಾವಳಿಗೆ ಬೆಂಕಿ ಬಿದ್ದು ಕಿರಿಯ ಮಗನೂ ಹೋದ. ಆಮೇಲೆ ಮೂವತ್ತು ಪುಟ ಸಿದ್ದವ್ವ ಯಾರೊಡನೆಯೂ ಮಾತಾಡುವುದಿಲ್ಲ. ಮಾತಾಡಲು ಲೇಖಕಿ ಯಾರನ್ನೂ ಉಳಿಸಿರಲೂ ಇಲ್ಲ. ಒಲೆಗೆ ನೀರು ಸುರಿಯುವಲ್ಲಿಗೆ ಕಾದಂಬರಿ ಮುಗಿಯಿತು. ನಾನು ಹಿಂದಿನ ರಟ್ಟು ತಿರುಗಿಸಿ ನೋಡಿದೆ, ಇನ್ನೇನಾದರೂ ಇದೆಯೇ ಎಂದು. ಲೇಖಕಿ ನಗುತ್ತಿರುವ ಫೋಟೋ ಇತ್ತು. ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಹಬ್ಬದ ಊಟಕ್ಕೆ ಕರೆದು ಬೇವಿನ ಕಷಾಯ ಕುಡಿಸಿದಂಥ ಸಿಟ್ಟು. ಅದೇ ಸಿಟ್ಟಿನಲ್ಲಿ ಒಬ್ಬರ ರವಿಕೆಗೆ ಎಡತೋಳನ್ನು ಬಲಕ್ಕೂ ಬಲತೋಳನ್ನು ಎಡಕ್ಕೂ ಕೂಡಿಸಿಟ್ಟೆ.

ಟೀಚರ್ ನೊಂದುಕೊಳ್ಳಬಾರದೆಂದು ಹಾಗೆ ಮಾಡಿದೆ — ಎಂದು ನನಗೆ ನಾನೇ ಬಹಳ ದಿನ ಹೇಳಿಕೊಂಡೆ. ಪೂರ್ತಿ ಸುಳ್ಳಲ್ಲ. ಆದರೆ...

ಭಾನುವಾರ ಪುಸ್ತಕ ತೆರೆದೆ. ತಂಗಿ ಬಸ್‌ಸ್ಟ್ಯಾಂಡಿಗೆ ಬಂದಳು ಎಂಬವರೆಗೆ ಓದಿದೆ. ಮುಂದಿನ ವಾಕ್ಯದಲ್ಲಿ ಅವಳು ಎದೆ ಹಿಡಿದುಕೊಂಡು ಕುಸಿಯಬೇಕಿತ್ತು. ನನ್ನ ಬಾಯಲ್ಲಿ ಅವಳು ಬಸ್ಸು ಹತ್ತಿದಳು. ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಟೀಚರ್ "ಹಾಂ!" ಎಂದು ತೊಡೆ ತಟ್ಟಿಕೊಂಡರು. ಅಷ್ಟೇ ಸಾಕಾಯಿತು ನನಗೆ.

ಐದು ಭಾನುವಾರ ನಾನು ಇಲ್ಲದ್ದನ್ನು ಓದಿದೆ. ಟೀಚರ್ ಕಿವಿ ಚುರುಕು, ಹಾಳೆಯ ಸದ್ದು ತಡವಾದರೆ "ಯಾಕ, ನಿಲ್ಸಿದಿ?" ಎನ್ನುತ್ತಿದ್ದರು. ಕಥೆ ಸಿಕ್ಕಿಹಾಕಿಕೊಂಡಾಗ ಸ್ಟೇಷನ್ನಿನ ಗೂಡ್ಸ್ ಗಾಡಿಯೇ ನನ್ನನ್ನು ಕಾಪಾಡುತ್ತಿತ್ತು. ಅದು ಗಡಗಡ ಎನ್ನುತ್ತ ಹೋಗುವಷ್ಟರಲ್ಲಿ ಮುಂದಿನ ಪುಟಕ್ಕಾಗುವಷ್ಟು ಕಥೆ ಹೊಂದಿಸಿಕೊಳ್ಳುತ್ತಿದ್ದೆ. ಘಟ್ಟದಲ್ಲಿ ಸಿಕ್ಕ ಹೆಣ ಹಿರಿಯ ಮಗನದಲ್ಲ, ಅವನ ಅಂಗಿ ಹಾಕಿಕೊಂಡಿದ್ದ ಕ್ಲೀನರನದು ಎಂದೆ. ಆ ಬಡಪಾಯಿ ಕ್ಲೀನರನ ತಾಯಿಯ ಬಗ್ಗೆ ಯೋಚಿಸಲೇ ಇಲ್ಲ. ಕೊನೆಗೆ ಕಿರಿಯ ಮಗನಿಗೆ ಎರಡನೇ ಮದುವೆ ಮಾಡಿಸಿ ಇಡೀ ಓಣಿಗೆ ಊಟ ಹಾಕಿಸಿದೆ — ಹೋಳಿಗೆ, ಎಣ್ಣೆಗಾಯಿ, ಮಾವಿನಕಾಯಿ ಚಿತ್ರಾನ್ನ. ಪಂಕ್ತಿಯ ಕೊನೆಯಲ್ಲಿ ತಲೆ ತಗ್ಗಿಸಿ ಕೂತವನ ಎಲೆಗೆ ಸಿದ್ದವ್ವ ಹೋಳಿಗೆ ಹಾಕುತ್ತಾಳೆ, ಅವನು ಮುಖ ಎತ್ತುತ್ತಾನೆ, ನೋಡಿದರೆ — ಹಿರಿಯ ಮಗ!

ಟೀಚರ್ ಅತ್ತರು, ನಕ್ಕರು, "ಈಕಿ ಕೈಗೆ ಮುತ್ತು ಕೊಡಬೇಕು," ಎಂದರು. ಆ ಕೈ ನನ್ನದು — ಎಂದು ಒಳಗೇ ಉಬ್ಬಿಹೋದೆ. ಲೇಖಕಿಗಿಂತ ನಾನೇ ಚೆನ್ನಾಗಿ ಬರೆದೆ ಎಂಬ ಸೊಕ್ಕು. ಕನಿಕರಕ್ಕಿಂತ ಅದೇ ಹೆಚ್ಚಿತ್ತು. ಈಗ ಒಪ್ಪಿಕೊಳ್ಳುತ್ತೇನೆ.

ಎರಡು ತಿಂಗಳಿಗೆ ಆ ಲೇಖಕಿ ಓದುಗರೊಡನೆ ಸಂವಾದಕ್ಕೆಂದು ದಾವಣಗೆರೆಗೆ ಬಂದರು. ಟೀಚರ್‌ಗೆ ಯಾರೋ ಫೋನಿನಲ್ಲಿ ತಿಳಿಸಿಬಿಟ್ಟರು. ಬಹಳ ಸೆಕೆ ಎಂದೆ, ಮೆಟ್ಟಿಲು ಜಾಸ್ತಿ ಎಂದೆ, ಅವರು ಬರುವುದೇ ಅನುಮಾನ ಎಂದೆ. "ನನಗ ಕಣ್ಣಿಲ್ಲ, ಕಾಲು ಅದಾವು," ಎಂದು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟೇ ಬಿಟ್ಟರು. ಬಸ್ಸಿನಲ್ಲಿ ನಾನು ಎಲ್ಲ ದೇವರಿಗೂ ಹರಕೆ ಹೊತ್ತೆ: ಇವರ ಕೈಗೆ ಮೈಕ್ ಸಿಗದಿರಲಿ.

ಮೊದಲು ಸಿಕ್ಕಿದ್ದೇ ಅವರಿಗೆ. ಮೈಕ್ ಹಿಡಿದರೆ ಟೀಚರ್ ಮಾತು ಪಠ್ಯಪುಸ್ತಕವಾಗುತ್ತದೆ.

"ಮಾನ್ಯರೇ, ನಾನು ಹರಿಹರದ ನಿವೃತ್ತ ಕನ್ನಡ ಶಿಕ್ಷಕಿ. ತಮ್ಮ ಕಾದಂಬರಿಯ ಮದುವೆ ಊಟದ ಪ್ರಸಂಗಕ್ಕೆ ನಾನು ಕೈ ಮುಗಿಯಲು ಬಂದಿದ್ದೇನೆ. ಸತ್ತನೆಂದುಕೊಂಡ ಮಗ ಪಂಕ್ತಿಯಲ್ಲಿ ಮುಖ ಎತ್ತುತ್ತಾನಲ್ಲ — ಇಷ್ಟು ಸಂಕಟ ಕೊಟ್ಟದ್ದು ಆ ಒಂದು ಗಳಿಗೆಗಾಗಿ ಎಂದು ಆಗ ತಿಳಿಯಿತು."

ಲೇಖಕಿ ಗಾಬರಿಯಾದರು. "ಅಮ್ಮಾ... ಆ ಮಗ ತೀರಿಹೋಗ್ತಾನಲ್ಲ. ಊಟದ ಪ್ರಸಂಗ ನಾನು ಬರೆದೇ ಇಲ್ಲ. ಬೇರೆ ಯಾರದೋ ಪುಸ್ತಕ ಇರಬಹುದು."

ಸಭೆ ನಕ್ಕಿತು. ಕೆಟ್ಟ ನಗುವಲ್ಲ, ಮಕ್ಕಳು ತಪ್ಪು ಹೇಳಿದಾಗ ನಗುವಂಥದ್ದು — ಅದೇ ಹೆಚ್ಚು ಚುಚ್ಚಿತು. ಹಿಂದಿನ ಸಾಲಿನಲ್ಲಿ ಯಾರೋ, "ಪಾಪ, ವಯಸ್ಸಾತು," ಎಂದರು. ಟೀಚರ್ ಮೈಕ್ ಕೆಳಗಿಳಿಸಿ ನನ್ನ ಕಡೆ ತಿರುಗಿದರು.

"ಗಿರಿಜಾ, ಊಟ ಇತ್ತಲ್ಲ?"

ಒಂದೇ ಮಾತು ಸಾಕಿತ್ತು. 'ನಾನು ಕಟ್ಟಿ ಹೇಳಿದ್ದು ಟೀಚರ್' ಎಂದಿದ್ದರೆ ಸಭೆ ನನ್ನನ್ನು ನೋಡಿ ನಗುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ನಾನು ಹೇಳಿದ್ದು ಇದು:

"ಬೇರೆ ಪುಸ್ತಕದ್ದು ಇರಬೇಕು, ಟೀಚರ್. ಎರಡನ್ನೂ ಕಲಸಿಕೊಂಡಿದ್ದೀರಿ."

ಅವರು ಕೂತರು. ಹರಿಹರದಲ್ಲಿ ಬಸ್ಸಿಳಿಯುವಾಗ, "ಈ ಸ್ಟಾಪೇ ಹೌದಲ್ಲ?" ಎಂದು ನನ್ನನ್ನು ಕೇಳಿದರು. ಎಂದೂ ಕೇಳಿದವರಲ್ಲ.

ಆಮೇಲೆ ಅವರು ತಮ್ಮ ತಲೆಯನ್ನು ಕಾಯುವುದಕ್ಕೆ ಶುರುಮಾಡಿದರು. ಬೆಳಿಗ್ಗೆ ನೆನೆಸಿದ ಬಾದಾಮಿ, ಮಧ್ಯಾಹ್ನ ಒಂದೆಲಗದ ಚಟ್ನಿ. ನಾನು ಹೋದಾಗಲೆಲ್ಲ ನನಗೂ ಬಡಿಸುತ್ತಿದ್ದರು, ಆ ಕಹಿಯನ್ನು ನಾನು ಶಿಕ್ಷೆಯೆಂದೇ ನುಂಗುತ್ತಿದ್ದೆ. ಸಂಧಿಗಳನ್ನು ಉದಾಹರಣೆ ಸಮೇತ ಒಪ್ಪಿಸಿ, "ಸರಿ ಐತಾ?" ಎಂದು ನನ್ನನ್ನು ಕೇಳುವರು. ಸಂಧಿ ನನಗೆಲ್ಲಿ ನೆನಪಿದೆ! "ಎಲ್ಲಾ ಸರಿ ಟೀಚರ್" ಎನ್ನುವೆ. "ಹ್ಞೂಂ. ಇವತ್ತು ಸರಿ ಐತೆ," ಎಂದು ನಿಟ್ಟುಸಿರು ಬಿಡುವರು. ಏನಾದರೂ ಹೇಳಹೊರಟರೆ ನಡುವೆಯೇ ನಿಲ್ಲಿಸಿ, "ಇದನ್ನ ಮೊದಲೇ ಹೇಳಿದ್ನಾ?" ಎನ್ನುವರು. ಓಣಿಯ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ಬಾಯಲ್ಲೇ ವ್ಯಾಕರಣ ಹೇಳಿಕೊಡುತ್ತಿದ್ದರು. ಅದನ್ನು ನಿಲ್ಲಿಸಿಬಿಟ್ಟರು. "ನಂಗ ನಂದೇ ನೆನಪಿಲ್ಲ, ಮಕ್ಕಳಿಗೆ ತಪ್ಪು ಕಲಿಸೋದು ಬ್ಯಾಡ."

ಅಂದು ಹೇಳಬಹುದಿತ್ತು. ಮುಂದಿನ ವಾರ ಹೇಳಬಹುದಿತ್ತು. ಎರಡು ವರ್ಷದ ಭಾನುವಾರಗಳಲ್ಲಿ ಯಾವುದರಲ್ಲಾದರೂ... ಪ್ರತಿ ಸಲ ಬಸ್ಸಿನಲ್ಲಿ ಮಾತು ಸಿದ್ಧಮಾಡಿಕೊಂಡು ಹೋಗಿ, ಅವರ ಮನೆಯ ಮೆಟ್ಟಿಲಲ್ಲಿ ಚಪ್ಪಲಿ ಜೊತೆಗೆ ಅದನ್ನೂ ಬಿಟ್ಟು ಒಳಗೆ ಹೋಗುತ್ತಿದ್ದೆ.

ಹೋದ ವರ್ಷ ಟೀಚರ್ ತಾವಾಗಿಯೇ, ದಾವಣಗೆರೆಯಲ್ಲಿ ಮರೆವಿನ ಡಾಕ್ಟರರಿಗೆ ತೋರಿಸು ಎಂದರು. ಕರೆದುಕೊಂಡು ಹೋದೆ. ಡಾಕ್ಟರು ಇಂದು ಯಾವ ವಾರ ಎಂದು ಕೇಳಿದರು. ಟೀಚರ್ ವಾರ, ತಾರೀಖಿನ ಜೊತೆಗೆ ತಿಥಿಯನ್ನೂ ಹೇಳಿದರು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದರು. ಟೀಚರ್ ಎಷ್ಟು ಬೇಗ ಇಳಿದರೆಂದರೆ ಡಾಕ್ಟರು ಬೆರಳು ಮಡಿಸುತ್ತ ಹಿಂದೆ ಬಿದ್ದರು. ಮೂರು ಪದ ಹೇಳಿ ನೆನಪಿಡಿ ಎಂದರು. ಟೀಚರ್ ಅವನ್ನು ಒಪ್ಪಿಸಿ, ಡಾಕ್ಟರ ಉಚ್ಚಾರಣೆಯಲ್ಲಿ ಒಂದು ಮಹಾಪ್ರಾಣ ಬಿದ್ದುಹೋಗಿದೆ ಎಂದೂ ತಿಳಿಸಿದರು.

"ಮೇಡಂ, ನಿಮ್ಮ ನೆನಪು ನನ್ನದಕ್ಕಿಂತ ಚೆನ್ನಾಗೈತೆ," ಎಂದರು ಡಾಕ್ಟರು.

ಟೀಚರ್ ಮುಖದಲ್ಲಿ ಸಂತೋಷ ಬರಲಿಲ್ಲ. "ಹಂಗಾದ್ರ ಆ ಊಟ ಎಲ್ಲಿಂದ ಬಂತು, ಡಾಕ್ಟರ್?"

ಡಾಕ್ಟರು ಅರ್ಥವಾಗದೆ ನನ್ನನ್ನು ನೋಡಿದರು. ನನ್ನ ಬಾಯಿ ತಾನಾಗಿಯೇ ತೆರೆಯಿತು.

"ನಾನು ಹಾಕಿಸಿದ್ದು ಟೀಚರ್. ಪುಸ್ತಕದಾಗ ಇರಲಿಲ್ಲ. ತಂಗಿ ಬಸ್ಸು ಹತ್ತಿದಾಗಿಂದ ಎಲ್ಲಾ ನಂದೇ."

ಗೋಡೆಯ ಫ್ಯಾನು ಆ ಕಡೆಯಿಂದ ಈ ಕಡೆಗೆ ಎರಡು ಸಲ ತಿರುಗಿತು. ಟೀಚರ್ ತಮ್ಮ ಎರಡೂ ಕೈಗಳನ್ನು ತೊಡೆಯ ಮೇಲೆ ಜೋಡಿಸಿಟ್ಟುಕೊಂಡರು.

"ಕಣ್ಣು ಹೋದಾಗ ನಾನು ಅತ್ತಿರಲಿಲ್ಲ, ಗಿರಿಜಾ," ಎಂದರು. "ತಲೆ ಹೋತು ಅಂತ ಎರಡು ವರ್ಷ ಅತ್ತೀನಿ."



ಆಮೇಲಿನ ಭಾನುವಾರಗಳಲ್ಲಿ ಅವರು ಆ ತೊಂಬತ್ತು ಪುಟಗಳನ್ನು ನನ್ನಿಂದಲೇ ಓದಿಸಿದರು. ತಂಗಿ ಸತ್ತಳು, ಖಾನಾವಳಿ ಸುಟ್ಟಿತು, ಮೂವತ್ತು ಪುಟ ಮೌನ. ಟೀಚರ್ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಒಲೆಗೆ ನೀರು ಸುರಿದ ಮೇಲೆ ಹೇಳಿದರು:

"ನನಗೂ ಇಷ್ಟ ಆಗ್ಲಿಲ್ಲ. ಇಷ್ಟು ಸಾವು ಬರೆದು ಒಂದು ಅಳು ಬರೆದಿಲ್ಲ ಈಕಿ. ಆದ್ರ ಇಷ್ಟ ಆಗ್ಲಿಲ್ಲ ಅನ್ನೋದು ನಾನು ಅನ್ನಬೇಕಿತ್ತು, ನೀ ಅಲ್ಲ. ಅಷ್ಟೂ ಬಿಡ್ಲಿಲ್ಲ ನನಗ." ಆಮೇಲೆ, "ನಿನ್ನ ಮದುವೆ ಊಟದಾಗ ಹೋಳಿಗೆ ಮೂರು ಸಲ ಬಡಿಸಿದಿ, ನೀರು ಒಂದು ಸಲನೂ ಕೊಟ್ಟಿಲ್ಲ. ನೂರಕ್ಕ ಮೂವತ್ತೈದು. ಪಾಸು, ಅಷ್ಟೇ."

ನಾನು ನಕ್ಕೆ. ಅವರು ನಗಲಿಲ್ಲ.

ಮಕ್ಕಳು ಮತ್ತೆ ಸಂಜೆ ಅವರ ಮನೆಗೆ ವ್ಯಾಕರಣಕ್ಕೆ ಬರುತ್ತಿದ್ದಾರೆ. ಬರಬೇಡ ಎಂದು ಟೀಚರ್ ನನಗೆ ಹೇಳಿಲ್ಲ. ಕ್ಷಮಿಸಿದೆ ಎಂದೂ ಹೇಳಿಲ್ಲ. ನಾನು ಕೇಳಿಯೂ ಇಲ್ಲ. ಓದುವವಳು ಮಾತ್ರ ಈಗ ಪಕ್ಕದ ಮನೆಯ ಶಕುಂತಲಾ. ಅಲ್ಪವಿರಾಮಕ್ಕೆ ನಿಲ್ಲುವುದಿಲ್ಲ, ಪೂರ್ಣವಿರಾಮಕ್ಕೂ ನಿಲ್ಲುವುದಿಲ್ಲ, ಉಸಿರು ಮುಗಿದಲ್ಲಿ ನಿಲ್ಲುತ್ತಾಳೆ. ಆದರೆ ಇದ್ದದ್ದನ್ನು ಓದುತ್ತಾಳೆ. ನಾನು ಗೋಡೆಗೆ ಒರಗಿ ಕೇಳುವವಳು.

ಕಳೆದ ತಿಂಗಳು ಅದೇ ಲೇಖಕಿಯ ಇನ್ನೊಂದು ಕಾದಂಬರಿ ಬಂದಿದೆ. ಎರಡನೇ ಅಧ್ಯಾಯದಲ್ಲೇ ಒಂದು ಮಗುವಿಗೆ ಜ್ವರ ಬಂದು, ಮೂರು ದಿನವಾದರೂ ಇಳಿದಿಲ್ಲ. ಮೊನ್ನೆ ಭಾನುವಾರ ಶಕುಂತಲಾ ಅಲ್ಲಿಗೆ ನಿಲ್ಲಿಸಿದಳು. ಟೀಚರ್ ಕೈ ಮಂಚದ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಮುಂದೇನಾಗುತ್ತದೋ ನನಗೂ ತಿಳಿಯದು. ಅಂಗಡಿಗೆ ಆ ಪುಸ್ತಕ ತರಿಸಿಕೊಂಡಿಲ್ಲ, ತರಿಸಿಕೊಳ್ಳುವುದೂ ಇಲ್ಲ. ಮಗು ಉಳಿಯಲಿ, ಉಳಿಯದಿರಲಿ — ಟೀಚರ್ ಜೊತೆಯಲ್ಲೇ ಕೇಳುತ್ತೇನೆ, ಬಾಯಿ ಮುಚ್ಚಿಕೊಂಡು.