ಔಟಾಗದ ಹುಡುಗಿ

ರಾಯದುರ್ಗದ ಬಸ್‌ಸ್ಟ್ಯಾಂಡ್ ಹಿಂದಿರುವ ಓಬುಲೇಶನ ಫ್ಲೆಕ್ಸ್ ಅಂಗಡಿಯಲ್ಲಿ ಊರಿನ ಸುಖದುಃಖವೆಲ್ಲ ಅಚ್ಚಾಗುತ್ತದೆ. ನಾಮಕರಣ, ಮದುವೆ, ಲೀಡರುಗಳ ಹುಟ್ಟುಹಬ್ಬ, ಕೊನೆಗೆ ಶ್ರದ್ಧಾಂಜಲಿ. ಮೇಲೆ ತೆಲುಗು, ಕೆಳಗೆ ಕನ್ನಡ. ಸತ್ತವರ ಮುಖವನ್ನೂ ಒಂದಿಷ್ಟು ಬೆಳ್ಳಗೆ ಮಾಡಿಕೊಡುವ ಧಾರಾಳಿ ಅವನು. ಇಂಥವನು ನಲವತ್ತೆರಡನೆಯ ವಯಸ್ಸಿನಲ್ಲಿ ಮೊಬೈಲಿಗೊಂದು ವಿಡಿಯೋ ಗೇಮ್ ಮಾಡಲು ಕೂತಾಗ ಊರು ನಕ್ಕಿತು. ನಗಲಿ ಬಿಡಿ, ಊರಿಗೆ ಬೇರೇನು ಕೆಲಸ? ಯೂಟ್ಯೂಬ್ ನೋಡಿ ಕಲಿತು, ಎರಡು ವರ್ಷ ತಿಣುಕಿ, ‘ಕೆರೆ ದಾಟು’ ಎಂಬ ಆಟವನ್ನು ಮುಗಿಸಿಯೇ ಬಿಟ್ಟ.

ಆಟ ಸರಳ. ಅವನು ಹುಟ್ಟಿ ಬೆಳೆದ ಕಣೇಕಲ್ಲಿನ ಕೆರೆಯಂಥದೇ ಒಂದು ಕೆರೆ. ಒಬ್ಬ ಹುಡುಗ, ಹಳದಿ ಲಂಗದ ಒಬ್ಬ ಹುಡುಗಿ. ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತ ಆಚೆ ದಡ ಸೇರಬೇಕು. ಮನೆಯ ಇಬ್ಬರು ಒಂದೇ ಫೋನು ಹಿಡಿದು ಆಡಬಹುದು. ಹುಡುಗ ನೀರಿಗೆ ಬಿದ್ದರೆ ಔಟ್. ಹುಡುಗಿ ಬಿದ್ದರೆ ಒಂದು ಕಪ್ಪೆ ಬಂದು ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಮುಂದಿನ ಕಲ್ಲಿಗೆ ಬಿಡುತ್ತದೆ. ಎಷ್ಟು ಸಲ ಬಿದ್ದರೂ ಅವಳು ಔಟಾಗುವುದಿಲ್ಲ.

ಆ ಹುಡುಗಿ ಯಾರೆಂದು ಓಬುಲೇಶ ಯಾರಿಗೂ ಹೇಳಿರಲಿಲ್ಲ. ಅವಳು ಅವನ ಅಕ್ಕ ನಾಗಲಕ್ಷ್ಮಿ. ಮೂರನೆಯ ವಯಸ್ಸಿಗೆ ಪೋಲಿಯೋ ಬಂದು ಅವಳ ಎಡಗಾಲು ಸೊರಗಿತ್ತು. ಓಣಿಯಲ್ಲಿ ಕುಂಟೆಬಿಲ್ಲೆ ಆಡುವಾಗ ಮಕ್ಕಳು ಅವಳನ್ನು ಬೇಡವೆಂದರೆ ಪುಟ್ಟ ಓಬುಲೇಶ ಜಗಳಕ್ಕೇ ನಿಲ್ಲುತ್ತಿದ್ದ: “ನಮ್ಮಕ್ಕನ್ನೂ ಸೇರಿಸ್ಕೊಳ್ರಲೇ, ಬಾಳೆಹಣ್ಣು ಅಂತ ಇರ್ಲಿ!” ತೆಲುಗಿನವರು ಆಟದೊಳಗಿನ ಬಾಳೆಹಣ್ಣು ಎನ್ನುವುದನ್ನೇ ಕನ್ನಡದಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುತ್ತೇವೆ. ಗೆರೆ ತುಳಿದರೂ ಬಾಳೆಹಣ್ಣು ಔಟಿಲ್ಲ. ಅಕ್ಕನಿಗೆ ತಾನು ಮಾಡಿದ ಆ ಉಪಕಾರ ನೆನಪಾದಾಗಲೆಲ್ಲ ಓಬುಲೇಶನಿಗೆ ತನ್ನ ಮೇಲೆ ತನಗೇ ಪ್ರೀತಿ ಉಕ್ಕುತ್ತಿತ್ತು. ಮೊದಲು ಲೋಕ ಮೆಚ್ಚಲಿ, ಆಮೇಲೆ ಆಟವನ್ನು ಅವಳ ಕೈಗೆ ಕೊಡೋಣ ಎಂದು ಕಾದ.

ಲೋಕ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಎಳೆದಾಡಿತು. ಮಡಕಶಿರಾದ ಒಬ್ಬ ತಾಯಿ ಐದು ಸ್ಟಾರ್ ಕೊಟ್ಟು, “ನಮ್ಮ ಪಾಪುಗೂ ಅಜ್ಜಿಗೂ ಒಟ್ಟಿಗೆ ಆಡೋಕೆ ಒಂದು ಆಟ ಸಿಕ್ತು” ಎಂದು ಬರೆದಳು. ಅದರ ಕೆಳಗೇ ಇನ್ನೊಬ್ಬ, “ಸಪ್ಪೆ ಸಾರು” ಎಂದು ಒಂದೇ ಸ್ಟಾರ್ ಒತ್ತಿದ್ದ. ಗೇಮುಗಳ ಗುಣದೋಷ ಹೇಳುವ ಅಂಜಿನಿ ಎಂಬವನ ವಿಡಿಯೋ ಮಾತ್ರ ಎದೆಗೇ ನಾಟಿತು. “ಚಿತ್ರ ಚೆಂದ, ಕಪ್ಪೆ ಇನ್ನೂ ಚೆಂದ. ಆದರೆ ಆ ಹುಡುಗಿಗೆ ಸೋಲೇ ಇಲ್ಲ. ಸೋಲೋಕೇ ಬಿಡದಿದ್ದರೆ ಆಕೆ ಆಡ್ತಿದ್ದಾಳೆ ಅನ್ನೋಕಾಗುತ್ತಾ? ಸುಮ್ನೆ ಜೊತೆಗಿದ್ದಾಳೆ, ಅಷ್ಟೇ. ಐದಕ್ಕೆ ಎರಡು.”

ಹೆತ್ತವರಿಗೆ ಹೆಗ್ಗಣ ಮುದ್ದು. ಓಬುಲೇಶನಿಗೆ ಎರಡು ದಿನ ಊಟ ಸೇರಲಿಲ್ಲ. ಭಾನುವಾರ ಮಧ್ಯಾಹ್ನ ಪಕ್ಕದ ಓಣಿಯಲ್ಲಿದ್ದ ಅಕ್ಕನ ಮನೆಗೆ ಹೋದ. ನಾಗಲಕ್ಷ್ಮಿ ಮೋಟಾರ್ ಮೆಷಿನ್ನಿನ ಮುಂದೆ ಕೂತು ಜೀನ್ಸ್ ಪ್ಯಾಂಟುಗಳಿಗೆ ಜೇಬು ಹೊಲಿಯುತ್ತಿದ್ದಳು. ತಮ್ಮನ ಫೋನು ಇಸಿದುಕೊಂಡು ಆಡಿದಳು. ಹನ್ನೊಂದು ಸಲ ಬಿದ್ದು, ಹನ್ನೊಂದು ಸಲ ಕಪ್ಪೆ ಏರಿ ದಡ ಸೇರಿದಳು. ಆಮೇಲೆ ಅವನು ಅಂಜಿನಿಯ ವಿಡಿಯೋ ತೋರಿಸಿದ.

“ನೋಡಕ್ಕ, ಹೆಂಗ ಬೈದಾನ. ಈ ಹುಡುಗಿ ಯಾರಂತ ಅವ್ನಿಗೇನ್ ಗೊತ್ತು? ಇಕಿ ನೀನೇ.”

“ಕಪ್ಪಿ ಬಂದ ಕೂಡ್ಲೇ ಗೊತ್ತಾತು,” ಎಂದಳು ನಾಗಲಕ್ಷ್ಮಿ. ದಾರ ಕತ್ತರಿಸಿ, ಹೊಲಿದ ಜೇಬನ್ನು ಪಕ್ಕಕ್ಕಿಟ್ಟಳು. “ಅವ ಹೇಳಿದ್ದು ಖರೇ ಐತಲೇ.”

“ಯಾಕಕ್ಕ ಹಿಂಗಂತೀ?”

“ನಾ ಗೆರಿ ತುಳದಾಗ ಎಲ್ರೂ ಆ ಕಡೆ ಮಾರಿ ತಿರುವ್ತಿದ್ರು. ಒಂದ್ ದಿನಾನೂ ಯಾರೂ ‘ಲಕ್ಷ್ಮಿ ಔಟ್’ ಅಂತ ಕೂಗ್ಲಿಲ್ಲ. ಕೂಗಿದ್ರ ಮನೀಗ ಬಂದು ಅಳ್ತಿದ್ದೆ, ಮರುದಿನ ಗೆಲ್ಲಾಕ ನೋಡ್ತಿದ್ದೆ. ನೀ ಇಲ್ದಿದ್ರ ಕಟ್ಟಿ ಮ್ಯಾಲೇ ಕುಂತಿರ್ತಿದ್ದೆ, ಅದು ಬ್ಯಾರೆ ಮಾತು. ಆದ್ರ ಬಾಳೆಹಣ್ಣಿಗೆ ಗೆಲುವೂ ಇರ್ಲಿಲ್ಲಲೇ, ಓಬು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ. ಮೂವತ್ತೈದು ವರ್ಷ ಜೋಪಾನ ಮಾಡಿಕೊಂಡು ಬಂದ ಉಪಕಾರವೊಂದು ಅಕ್ಕನಿಗೆ ಮುಳ್ಳಾಗಿ ಚುಚ್ಚುತ್ತಿತ್ತೆಂದು ತಿಳಿದು ನಾಚಿಕೆಯಾಯಿತು. ಅಂಜಿನಿಯನ್ನು ಬೈಯಲು ಜೋಡಿಸಿಟ್ಟಿದ್ದ ಮಾತೆಲ್ಲ ನುಂಗಿಕೊಂಡು ಎದ್ದು ಬಂದ.

ಕಪ್ಪೆಯನ್ನು ಪೂರ್ತಿ ಓಡಿಸಿಬಿಡಲು ಮಡಕಶಿರಾದ ಆ ಪಾಪುವಿನ ನೆನಪು ಅಡ್ಡ ಬಂತು. ವಾರವಿಡೀ ಯೋಚಿಸಿ ಒಂದು ದಾರಿ ಮಾಡಿದ: ಹುಡುಗಿ ಬಿದ್ದ ಕೂಡಲೇ ಮೂಲೆಯಲ್ಲಿ ಒಂದು ಗಂಟೆಯ ಚಿತ್ರ ಮೂಡುತ್ತದೆ, ಅದನ್ನು ಒತ್ತಿ ಕರೆದರಷ್ಟೇ ಕಪ್ಪೆ ಬರುತ್ತದೆ. ಕರೆಯದಿದ್ದರೆ ಅವಳೂ ಔಟ್. ಅಂಜಿನಿ ಮೂರಕ್ಕೇರಿದ. ಹಳೆಯದೇ ಚೆನ್ನಾಗಿತ್ತೆಂದು ಗೊಣಗುವವರೂ ಹುಟ್ಟಿಕೊಂಡರು.

ಮುಂದೊಂದು ಭಾನುವಾರ ಅಕ್ಕತಮ್ಮ ಒಂದೇ ಫೋನು ಹಿಡಿದು ಕೂತರು. ನಾಲ್ಕನೆಯ ಕಲ್ಲಿನಲ್ಲಿ ಹಳದಿ ಲಂಗ ಜಾರಿತು. ರೂಢಿ ಬಿಡುತ್ತದೆಯೇ? ಓಬುಲೇಶನ ಬೆರಳು ತಾನಾಗಿಯೇ ಗಂಟೆಯ ಕಡೆ ಹೋಯಿತು. ನಾಗಲಕ್ಷ್ಮಿ ಅವನ ಕೈಮೇಲೆ ಪಟ್ಟನೆ ಹೊಡೆದಳು. ಹುಡುಗಿ ಮುಳುಗಿದಳು.

“ಹೇಳಲೇ, ಓಬು,” ಎಂದಳು ಅಕ್ಕ.

“ಅಕ್ಕ, ನೀ ಔಟ್.”

“ಹಾಕು ಇನ್ನೊಂದಾಟ,” ಎಂದು ಅವಳು ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಕೂತಳು. “ಈ ಸಲ ನಿನ್ನ ಬಿಡಂಗಿಲ್ಲ.”